ಎರಡು ಪ್ಲೇನ್‌ಗಳ ನಡುವೆ ಕೊಡಿಗೇಹಳ್ಳಿ

ಕಳೆದ ಶುಕ್ರವಾರ ನಾನು ನಮ್ಮ ಯಜಮಾನರ ದೊಡ್ಡ ಸಾಹೇಬರ ಹೆಂಡತಿಯನ್ನು ಕಳೆದುಕೊಂಡು ಬಂದೆ.

ಕೊಡೆಯಲ್ಲ, ಪರ್ಸ್ ಅಲ್ಲ. ಕಪ್ಪು ಕನ್ನಡಕ, ತೋಳಿಲ್ಲದ ರವಿಕೆ, ನೈಲಾನ್ ಸೀರೆಯ ಬಾಂಬೆ ಹೆಂಗಸು. ಬೆಳಗ್ಗೆ ಏರೋಡ್ರೋಮಿನಲ್ಲಿ ನನ್ನ ಕೈಗೆ ಒಪ್ಪಿಸಿದ್ದರು. ಸಂಜೆ ಅಲ್ಲಿಗೇ ಮರಳಿಸಬೇಕಿತ್ತು. ನಾನು ಬರಿಗೈಯಲ್ಲಿ ಹೋಗಿ ನಿಂತೆ.

(ಯಜಮಾನರು ಎರಡು ದಿನ ನನ್ನ ಜತೆ ಮಾತಾಡಲಿಲ್ಲ. ಮೂರನೆಯ ದಿನ ಕಾಫಿ ಕೇಳಿದರು. ಅಷ್ಟರಮಟ್ಟಿಗೆ ಸಂಸಾರ ಉಳಿದಿದೆ.)

ಆದದ್ದಿಷ್ಟು. ನಮ್ಮವರು ಯಶವಂತಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ ಎಂಬುದು ನನ್ನ ಹಳೆಯ ಓದುಗರಿಗೆ ಗೊತ್ತು. ಆ ಫ್ಯಾಕ್ಟರಿಯ ಹೆಡ್ ಆಫೀಸು ಬಾಂಬೆಯಲ್ಲಿ. ಅಲ್ಲಿನ ದೊಡ್ಡ ಸಾಹೇಬರು, ಅವರನ್ನು ಪರಾಂಜಪೆ ಎಂದು ಕರೆಯೋಣ, ಬೆಳಗಿನ ಪ್ಲೇನಿನಲ್ಲಿ ಬಂದು ಸಂಜೆಯ ಪ್ಲೇನಿನಲ್ಲಿ ಮದ್ರಾಸಿಗೆ ಹೋಗುವವರಿದ್ದರು. ನಡುವೆ ಏಳು ಗಂಟೆ ಬೆಂಗಳೂರು. ಸಾಹೇಬರಿಗೆ ಫ್ಯಾಕ್ಟರಿಯಲ್ಲಿ ಮೀಟಿಂಗ್. ಜತೆಗೆ ಬರುವ ಹೆಂಡತಿಗೆ?

'ನನ್ನ ಮಿಸೆಸ್ ಪತ್ರಿಕೆಗೆ ಬರೀತಾರೆ ಸಾರ್. ಬೆಂಗಳೂರೆಲ್ಲ ಅವರಿಗೆ ಗೊತ್ತು' ಎಂದು ನಮ್ಮವರು ಮ್ಯಾನೇಜರ ಎದುರು ಹೇಳಿಬಿಟ್ಟಿದ್ದರು. ನನಗೆ ಗೊತ್ತಿರುವ ಬೆಂಗಳೂರು ಎಂದರೆ ಯಶವಂತಪುರದ ಸಂತೆ, ಮತ್ತಿಕೆರೆಯ ಹಾಲಿನವಳ ಮನೆ, ಮಲ್ಲೇಶ್ವರದ ಸೀರೆ ಅಂಗಡಿ. ಆದರೆ ಮನೆಯಲ್ಲಿ ಎಂದೂ ಸಿಗದ ಹೊಗಳಿಕೆ ಫ್ಯಾಕ್ಟರಿಯಲ್ಲಿ ಸಿಕ್ಕಿದ್ದನ್ನು ಕೇಳಿ ಒಪ್ಪಿಕೊಂಡೆ.

ನಮ್ಮವರು ಒಂದು ಪ್ರೋಗ್ರಾಂ ಬರೆದುಕೊಟ್ಟರು. ಹತ್ತೂವರೆಗೆ ವಿಧಾನಸೌಧ. ಹನ್ನೊಂದೂಕಾಲಿಗೆ ಕಬ್ಬನ್ ಪಾರ್ಕ್. ಹನ್ನೆರಡಕ್ಕೆ ಲಾಲ್‌ಬಾಗ್. ಒಂದು ಗಂಟೆಗೆ ಹೋಟೆಲಿನಲ್ಲಿ ಊಟ, ಮಿಸೆಸ್ ಬಯಸಿದರೆ ಐಸ್‌ಕ್ರೀಮ್. ಅಸಿಸ್ಟೆಂಟ್ ಮ್ಯಾನೇಜರ್ ಜಾಗ ಖಾಲಿಯಿರುವುದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ನಾಲ್ಕು ತಿಂಗಳಿಂದ ನಮ್ಮ ಮನೆಯ ಊಟದೆಲೆಯ ಮೇಲೆ ಬಡಿಸುತ್ತಿರುವುದು ಅದನ್ನೇ.

ಏರೋಡ್ರೋಮಿನಲ್ಲಿ ಸಾಹೇಬರು ಮಿತವಾಗಿ ನಕ್ಕರು. ಆಕೆ ನಗಲಿಲ್ಲ. ಸಾಹೇಬರು ಫ್ಯಾಕ್ಟರಿಯ ಜೀಪು ಹತ್ತುವ ಮುಂಚೆ ಹೆಂಡತಿಯ ಕಡೆ ಒಂದು ಕ್ಷಣ ನೋಡಿ ಮರಾಠಿಯಲ್ಲಿ ಏನೋ ಅಂದರು. ಆಕೆ ತಲೆ ಅಲ್ಲಾಡಿಸಿದರು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ನಾವಿಬ್ಬರೂ ಕಂಪನಿಯ ಕಾರಿನ ಹಿಂದಿನ ಸೀಟಿನಲ್ಲಿ ಕೂತೆವು. ಡ್ರೈವರ್ ಅರುಳಪ್ಪ ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟಿದ್ದ. ನಾನು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಇಂಗ್ಲಿಷನ್ನು ಹೊರತೆಗೆದೆ. 'ದಿಸ್ ಈಸ್ ಅವರ್ ವಿಧಾನಸೌಧ. ಆಲ್ ಗ್ರಾನೈಟ್.' ಆಕೆ ಕಿಟಕಿಯಿಂದ ನೋಡಿದರು. 'ವೆರಿ ಬಿಗ್' ಅಂದರು. ಕಾರಿನಿಂದ ಇಳಿಯಲಿಲ್ಲ. ನಾನು ಮುಂದಿನ ವಾಕ್ಯ ಮರೆತೆ.

ಆಮೇಲೆ ಆಕೆ ಮುಂದಕ್ಕೆ ಬಾಗಿ ಡ್ರೈವರನ್ನು ಕೇಳಿದರು:

'ಅರುಳಪ್ಪ, ಎಬ್ಬಾಳದ್ ಮ್ಯಾಲೆ ಕೊಡಿಗೇಅಳ್ಳಿಗೆ ಓಗಾಕೆ ಎಷ್ಟೊತ್ತಾಯ್ತದಪ್ಪಾ?'

ಅರುಳಪ್ಪ ಬ್ರೇಕ್ ಒತ್ತಿದ. ನನ್ನ ತಲೆ ಮುಂದಿನ ಸೀಟಿಗೆ ಬಡಿಯಿತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬಾಂಬೆ ಮಿಸೆಸ್ ಪರಾಂಜಪೆಯ ಬಾಯಿಂದ ನಮ್ಮ ಹಾಲಿನವಳ ಕನ್ನಡ!

'ನಿಮಗೆ ಕನ್ನಡ ಬರುತ್ತಾ?' ಅಂದೆ. ಇಂಥ ಹೊತ್ತಿನಲ್ಲಿ ಬುದ್ಧಿವಂತರಂತೆ ಮಾತಾಡುವುದು ನನಗೆ ಸಾಧ್ಯವಿಲ್ಲ.

ಆಕೆ ಕನ್ನಡಕ ತೆಗೆದರು. ಕಣ್ಣುಗಳು ಕೆಂಪಾಗಿದ್ದವು. ಪ್ಲೇನಿನಲ್ಲಿಯೇ ಅತ್ತಿರಬೇಕು. 'ನಾನು ಅಲ್ಲಿಯವಳೇ. ಯೆಸ್ರು ದೊಡ್ಡತಾಯಮ್ಮ. ಬಾಂಬೆಲಿ ತಾರಾ ಅಂತಾರೆ. ನನ್ ತಂಗಿ ಅಲ್ಲೇ ಅವ್ಳೆ. ನೋಡಿ ಇಪ್ಪತ್ತು ವರ್ಷ ಆಯ್ತು. ನೀವು ಜತೇಲಿ ಬರ್ತೀರಾ?'

ದಾರಿಯಲ್ಲಿ ಆಕೆ ಹೇಳಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಯುದ್ಧದ ಕಾಲ. ಜಾಲಹಳ್ಳಿಯಲ್ಲಿ ಮಿಲಿಟರಿ ಆಸ್ಪತ್ರೆ. ಕೊಡಿಗೇಹಳ್ಳಿಯಿಂದ ಗಾಡಿಯಲ್ಲಿ ತರಕಾರಿ ಹೋಗುತ್ತಿತ್ತು. ಅಪ್ಪನ ಜತೆ ದೊಡ್ಡ ಮಗಳೂ ಹೋಗುತ್ತಿದ್ದಳು, ಓದು ಬರಹ ಬಲ್ಲವಳು ಅವಳೊಬ್ಬಳೇ ಎಂದು. ಅಲ್ಲಿ ಸ್ಟೋರಿನಲ್ಲಿ ಲೆಕ್ಕ ಬರೆಯುತ್ತಿದ್ದ ಮರಾಠಿ ಹುಡುಗನಿಗೆ ತರಕಾರಿಗಳ ಕನ್ನಡ ಹೆಸರು ಬೇಕಾಗಿತ್ತು. ಅವಳು ಹೇಳಿಕೊಟ್ಟಳು. ಬದನೆಕಾಯಿಯಿಂದ ಶುರುವಾದದ್ದು ಮದುವೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಮುಗಿಯಿತು. ಆ ದಿನವೇ ಅಪ್ಪ ಆಕೆಯ ಹೆಸರು ಎತ್ತಬಾರದೆಂದು ಮನೆಯವರಿಗೆಲ್ಲ ಹೇಳಿದರಂತೆ. ಅಮ್ಮ ತೀರಿಕೊಂಡು ಬಹಳ ವರ್ಷವಾಯಿತು, ಅಪ್ಪ ಹೋಗಿ ಆರು ವರ್ಷ. ಎರಡು ಸುದ್ದಿಯೂ ಬಾಂಬೆಗೆ ತಡವಾಗಿ, ಬೇರೆ ಯಾರದೋ ಬಾಯಿಂದ ತಲುಪಿದವು. ಈಗ ಆ ಮನೆಯಲ್ಲಿರುವುದು ತಂಗಿ ಚಿಕ್ಕತಾಯಮ್ಮ. ಅಕ್ಕ ಹೋದಾಗ ಅವಳಿಗೆ ಎಂಟೋ ಒಂಬತ್ತೋ ವರ್ಷ.

ಹೆಬ್ಬಾಳದ ಕೆರೆ ತುಂಬಿತ್ತು. ಆಕೆ ಕತ್ತು ತಿರುಗಿಸಿ ತಿರುಗಿಸಿ ನೋಡಿದರು. ವಿಧಾನಸೌಧಕ್ಕೆ ಸಿಗದ ಮರ್ಯಾದೆ ಆ ಕೆರೆಗೆ ಸಿಕ್ಕಿತು. ಬಳ್ಳಾರಿ ರಸ್ತೆ ಬಿಟ್ಟು ಎಡಕ್ಕೆ ತಿರುಗಿದಾಗ ದ್ರಾಕ್ಷಿ ಚಪ್ಪರಗಳು ಶುರುವಾದವು.

ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ನಿಧಾನಕ್ಕೆ ಹೋಗುತ್ತಿತ್ತು. ಆಕೆ ಇದ್ದಕ್ಕಿದ್ದಂತೆ, 'ಬ್ಯಾಡ ಅರುಳಪ್ಪ. ತಿರುಗಿಸ್ಬಿಡು. ಲಾಲ್‌ಬಾಗೇ ನೋಡಾಣ' ಅಂದರು.

ಅರುಳಪ್ಪ ಹಿಂದೆ ನೋಡಿದ. ಹುಲ್ಲು ತುಂಬಿದ ಎರಡು ಎತ್ತಿನ ಗಾಡಿ ಕಾರಿಗೆ ಅಂಟಿಕೊಂಡಂತೆ ನಿಂತಿದ್ದವು. 'ತಿರುಗ್ಸೋಕೆ ಜಾಗ ಇಲ್ಲಮ್ಮ. ಮುಂದಕ್ಕೇ ಹೋಗ್ಬೇಕು' ಅಂದ. ಅವನ ಮುಖ ನೋಡಿದರೆ ಜಾಗ ಇದ್ದಿದ್ದರೂ ಹಾಗೇ ಹೇಳುತ್ತಿದ್ದನೇನೋ.

ಮನೆ ಮುಂದೆ ಕಾರು ನಿಂತಾಗ ಬೀದಿಯಲ್ಲಿದ್ದವರೆಲ್ಲ ಬಾಗಿಲಿಗೆ ಬಂದರು. ಕಾರು ಬಂತೆಂದರೆ ಆ ಕಡೆಯ ಊರುಗಳಲ್ಲಿ ಈಗ ಒಂದೇ ಅರ್ಥ, ಯಾವುದೋ ಫ್ಯಾಕ್ಟರಿಗೆ ಜಮೀನು ಅಳೆಯುವವರು ಬಂದರು. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಹೆಂಗಸು ಎದ್ದು ನಿಂತು, 'ಯಜಮಾನ್ರು ತೋಟದಾಗವ್ರೆ. ನಮ್ಗೇನೂ ತಿಳೀದು' ಅಂದಳು.

'ಚಿಕ್ಕತಾಯಿ' ಅಂದರು ಈಕೆ.

ಆ ಹೆಂಗಸಿನ ಕೈಯಿಂದ ಮೊರ ಜಾರಲಿಲ್ಲ. ಮೊರ ಕೆಳಗಿಟ್ಟಳು. ಕೈ ಸೆರಗಿಗೆ ಒರೆಸಿಕೊಂಡಳು. ಅಕ್ಕನನ್ನು ಕಾಲಿಂದ ತಲೆಯವರೆಗೆ ನೋಡಿದಳು. ಚಪ್ಪಲಿ, ಸೀರೆ, ತೋಳಿಲ್ಲದ ರವಿಕೆ.

'ಬನ್ನಿ ಅಮ್ನೋರೆ' ಅಂದಳು. 'ಕೂತ್ಕಳ್ಳಿ.'

ಬನ್ನಿ, ಕೂತ್ಕಳ್ಳಿ! ಒಡಹುಟ್ಟಿದ ಅಕ್ಕನಿಗೆ! ಕನ್ನಡದಲ್ಲಿ ಬೈಯಲು ಎಷ್ಟೋ ಮಾತುಗಳಿವೆ. ಆದರೆ ತಂಗಿಯ ಬಾಯಿಂದ ಬರುವ ಈ ಮರ್ಯಾದೆಯಷ್ಟು ಹರಿತವಾದದ್ದನ್ನು ನಾನಂತೂ ಕೇಳಿಲ್ಲ. ಮಿಸೆಸ್ ಪರಾಂಜಪೆ ಚಾಪೆಯ ತುದಿಯಲ್ಲಿ ಕೂತರು. ನಾನು ಎಲ್ಲಿ ಕೂರಲಿ ಎಂದು ತಿಳಿಯದೆ ಕಂಬಕ್ಕೆ ಒರಗಿ ನಿಂತೆ. ಒಂದು ಚೊಂಬು ನೀರು ಬಂತು, ಬೆಲ್ಲ ಬಂತು.

'ಎಷ್ಟ್ ದಿನ ಇರ್ತೀರಿ?' ಚಿಕ್ಕತಾಯಮ್ಮ ಕೇಳಿದಳು.

'ಐದು ಗಂಟೆಗೆ ಪ್ಲೇನ್ ಐತೆ ಕಣವ್ವ. ಮದ್ರಾಸಿಗೆ. ನಡುವೆ ಒಂದೀಟು ವೊತ್ತಿತ್ತು, ಅದ್ಕೇ...'

ಆ 'ಅದ್ಕೇ' ಎಂಬ ಮಾತು ಬರಬಾರದಿತ್ತು. ಚಿಕ್ಕತಾಯಮ್ಮನ ಮುಖ ಬದಲಾಯಿತು.

'ಓ. ನಡುವೆ ವೊತ್ತಿತ್ತಾ? ವೊತ್ತು ಓಗ್ಲಿಲ್ಲ ಅಂತ ನೋಡ್ಕಂಡು ಓಗಾಕ್ ಬಂದ್ರಾ? ನಾನೇನ್ ಲಾಲ್‌ಬಾಗಾ?'

ನಾನು ಕಂಬವನ್ನು ಇನ್ನಷ್ಟು ಬಲವಾಗಿ ಹಿಡಿದುಕೊಂಡೆ.

ಆಮೇಲೆ ಅವಳು ಮಾತಾಡಿದಳು. ಕೂಗಲಿಲ್ಲ. ಬೀದಿಗೆ ಕೇಳಿಸಬಾರದೆಂದು ದನಿ ತಗ್ಗಿಸಿಯೇ ಮಾತಾಡಿದಳು. ಅಕ್ಕ ಹೋದ ವಾರವೇ ಅಪ್ಪ ಅವಳನ್ನು ಸ್ಕೂಲು ಬಿಡಿಸಿದ್ದ. ಓದಿದ್ದಕ್ಕೇ ದೊಡ್ಡವಳು ಓಡಿಹೋದಳು ಎಂದು. ಆಗ ಅವಳು ಎರಡನೇ ಕ್ಲಾಸು. ದೊಡ್ಡವಳಾದ ಮೇಲೆ ಮೂರು ಗಂಡು ಬಂದು ನೋಡಿ, ಮನೆಯ ಕಥೆ ಕೇಳಿ, ಕಾಫಿ ಕುಡಿದು ಎದ್ದುಹೋದವು. ಕೊನೆಗೆ ಮನೆ ಅಳಿಯನಾಗಿ ಬಂದವನು ಒಳ್ಳೆಯವನು, ಅದು ಅವಳ ಪುಣ್ಯ. 'ಒಂದು ಮಾತ್ ಯೇಳಿ ಓಗಬಾರದಿತ್ತಾ? ಅಪ್ಪನ್ಗೆ ಬ್ಯಾಡ. ನಂಗೆ? ಬೆಳಗ್ಗೆ ಎದ್ದು ನೋಡ್ತೀನಿ, ಮಗ್ಗುಲಲ್ಲಿ ನೀವಿಲ್ಲ.'

'ಕಾಗದ ಬರೆದೆ ಕಣೇ. ವರ್ಷಾ ವರ್ಷಾ ಬರೆದೆ. ನೀನು ಒಂದಕ್ಕೂ...'

ಚಿಕ್ಕತಾಯಮ್ಮ ಎದ್ದು ಒಳಗೆ ಹೋದಳು. ಮುಗಿಯಿತು, ಇನ್ನು ಹೊರಬರುವುದಿಲ್ಲ ಎಂದುಕೊಂಡೆ. ಒಳಗೆ ರಾಗಿ ತುಂಬಿಡುವ ಮಣ್ಣಿನ ವಾಡೆಯ ಮುಚ್ಚಳ ತೆಗೆದ ಸದ್ದಾಯಿತು. ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ಹಿಡಿದು ಬಂದಳು. ಬಿಚ್ಚಿದಳು. ಕಾಗದಗಳು. ಒಂದೂ ಒಡೆದಿರಲಿಲ್ಲ.

'ಒಲೆಗೆ ಆಕು ಅಂದ ಅಪ್ಪ. ನಾನ್ ಆಕ್ಲಿಲ್ಲ. ಕಲ್ತಿದ್ದು ಮರ್ತೋಯ್ತು, ಓದಾಕೆ ಬರಾಕಿಲ್ಲ. ನಮ್ ಯಜಮಾನ್ರಿಗೂ ಬರಾಕಿಲ್ಲ. ಯಾರ್ ಕೈಲಿ ಓದಿಸ್ಲಿ? ಊರೋರ್ ಕೈಲಾ? ಮಗಳು ಈಗ ಒಂದ್ನೇ ಕ್ಲಾಸು. ಅವಳು ಕಲೀಲಿ ಅಂತ ಕಾಯ್ತಿದ್ದೆ. ಇನ್ನೂ ಒತ್ತಕ್ಷರ ಬರಾಕಿಲ್ಲ.'

ಅಕ್ಕ ಕೈ ಚಾಚಿದರು. ಚಿಕ್ಕತಾಯಮ್ಮ ಕಟ್ಟನ್ನು ಆ ಕೈಗೆ ಕೊಡಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದಳು.

'ನೀವ್ ಓದ್ರಮ್ಮ. ಅವ್ರು ಓದಿದ್ರೆ ಅವ್ರಿಗೆ ಬೇಕಾದಂಗೆ ಓದ್ತಾರೆ.'

ಹನ್ನೊಂದು ವರ್ಷದಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ. ನನ್ನ ಅಕ್ಷರಜ್ಞಾನ ಇನ್ನೊಬ್ಬರಿಗೆ ಇಷ್ಟು ಬೇಕಾದದ್ದು ಅಂದೇ ಮೊದಲು. ಗೋಡೆಗೆ ಒರಗಿ ಕೂತು ಮೊದಲನೆಯದನ್ನು ಒಡೆದೆ. ರಾಗಿಯ ವಾಸನೆ. ಶಾಲೆಯ ಮಕ್ಕಳ ದುಂಡು ಅಕ್ಷರ.

'ಚಿಕ್ಕತಾಯಿ, ನಾನು ಬರುವಾಗ ಕತ್ತಲಲ್ಲಿ ನಿನ್ನ ನೀಲಿ ಲಂಗ ನನ್ನ ಗಂಟಿನಲ್ಲಿ ಸೇರಿ ಬಂದಿದೆ. ಬೈಯಬೇಡ. ಇಲ್ಲಿ ಸಮುದ್ರ ಇದೆ. ನಮ್ಮ ಕೆರೆಯ ಹಾಗಲ್ಲ, ಆ ಕಡೆಯ ಏರಿ ಕಾಣುವುದೇ ಇಲ್ಲ.'

'ನನ್ ಲಂಗ!' ಅಂದಳು ಚಿಕ್ಕತಾಯಮ್ಮ. 'ಒಂದು ವಾರ ಉಡುಕಿದ್ದೆ.'

ಎರಡನೆಯದು. 'ಇಲ್ಲಿ ರಾಗಿ ಸಿಗುವುದಿಲ್ಲ. ಸಜ್ಜೆ ಹಿಟ್ಟಿನಲ್ಲಿ ಮುದ್ದೆ ಮಾಡಿದೆ. ಅದು ಮುದ್ದೆಯಾಗಲಿಲ್ಲ. ಇವರು ಮಾತಾಡದೆ ತಿಂದರು. ಪಾಪ, ಒಳ್ಳೆಯವರು.' ಚಿಕ್ಕತಾಯಮ್ಮನ ತುಟಿ ಒಂದು ಕಡೆ ಸ್ವಲ್ಪ ಅಲುಗಿತು. ಮತ್ತೆ ಬಿಗಿಯಿತು.

ಮೂರನೆಯದು, ನಾಲ್ಕನೆಯದು. ಟ್ರಾಮಿನ ವರ್ಣನೆ, ಮಳೆಯ ವರ್ಣನೆ, ನೆರೆಮನೆಯವಳ ಜತೆ ನಲ್ಲಿ ಜಗಳ. ಒಂದೊಂದರ ಕೊನೆಯಲ್ಲೂ ಒಂದೇ ಸಾಲು, 'ನೀನು ಎಷ್ಟನೇ ಕ್ಲಾಸು?' ಆ ಸಾಲನ್ನು ಓದುವಾಗ ನಾನು ತಲೆ ಎತ್ತಲಿಲ್ಲ. ಮಿಸೆಸ್ ಪರಾಂಜಪೆ ಸೆರಗು ಬಾಯಿಗೆ ಒತ್ತಿಕೊಂಡದ್ದು ಮಾತ್ರ ಕಣ್ಣಂಚಿಗೆ ಕಾಣಿಸಿತು.

ಐದನೆಯ ಕಾಗದ ಬಹಳ ಚಿಕ್ಕದು.

'ಚಿಕ್ಕತಾಯಿ, ಮಗು ಹುಟ್ಟಿತ್ತು. ಗಂಡು. ಒಂಬತ್ತು ದಿನ ಇತ್ತು. ಅವ್ವ ಬೇಕು ಅನ್ನಿಸಿತು. ಅದನ್ನು ಇಲ್ಲಿ ಯಾರಿಗೂ ಹೇಳಿಲ್ಲ. ನಿನಗೆ ಹೇಳುತ್ತಿದ್ದೇನೆ.'

ನಾನು ಓದುವುದನ್ನು ನಿಲ್ಲಿಸಿದೆ. ಮುಂದೆ ಓದಲು ಏನೂ ಇರಲಿಲ್ಲ. ಇದ್ದಿದ್ದರೂ ನನ್ನಿಂದಾಗುತ್ತಿರಲಿಲ್ಲ.

ಹೊರಗೆ ಅರುಳಪ್ಪ ಕಾರಿನ ಗಾಜು ಒರೆಸುತ್ತಿದ್ದ. ಚಿಕ್ಕತಾಯಮ್ಮ ಬಾಗಿಲ ಕಡೆ ನೋಡುತ್ತ ಕೂತಿದ್ದಳು. ಇಪ್ಪತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡ ಸಿಟ್ಟನ್ನು ಒಂದು ಕಾಗದಕ್ಕೆ ಬಿಟ್ಟುಕೊಡುವುದು ಸುಲಭವೇ? ಒಡಹುಟ್ಟಿದವರ ಮೇಲಿನ ಸಿಟ್ಟು ಪರರ ಮೇಲಿನ ಸಿಟ್ಟಿನಂತಲ್ಲ. ಅದನ್ನು ಬಿಟ್ಟುಬಿಟ್ಟರೆ ಆ ಜಾಗದಲ್ಲಿ ಇಟ್ಟುಕೊಳ್ಳಲು ಇನ್ನೇನಿದೆ ಎಂದು ಭಯವಾಗುತ್ತದೆ.

ಅವಳು ಎದ್ದಳು. ಒಳಗೆ ಹೋಗಿ ಒಲೆಗೆ ಸೌದೆ ತುರುಕಿದಳು. ಪಾತ್ರೆಗೆ ನೀರು ಸುರಿದ ಸದ್ದು. ಒಳಗಿಂದಲೇ ಕೂಗಿದಳು:

'ಕೈ ಕಾಲ್ ತೊಳ್ಕಂಡು ಬಾ. ಮುದ್ದೆ ತೊಳಸ್ತೀನಿ.'

ತೊಳ್ಕಂಡು ಬಾ. ತೊಳ್ಕಂಡು ಬನ್ನಿ ಅಲ್ಲ!

ದೊಡ್ಡತಾಯಮ್ಮ (ಇನ್ನು ಮೇಲೆ ಆಕೆಯನ್ನು ಬೇರೆ ಹೆಸರಿನಿಂದ ಕರೆಯಲು ನನಗಾಗದು) ಚಾಪೆಯ ಮೇಲೆ ಕೂತಲ್ಲೇ ಜೋರಾಗಿ ಅತ್ತುಬಿಟ್ಟರು. ಅತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ಹೋದರು. ಬಚ್ಚಲು ಎಲ್ಲಿದೆ ಎಂದು ಕೇಳಲಿಲ್ಲ.

ಊಟವಾಯಿತು. ಅವರೆಕಾಳಿನ ಸಾರು, ಬಿಸಿ ಮುದ್ದೆ. ನಾನೂ ಉಂಡೆ, ಅರುಳಪ್ಪನೂ ಉಂಡ. ಅಕ್ಕ ಊಟದ ನಡುವೆ, 'ನನ್ ಮ್ಯಾಲೆ ಇನ್ನೂ ಸಿಟ್ಟೈತಾ?' ಅಂದರು.

'ಐತೆ. ಉಣ್ಣು' ಅಂದಳು ತಂಗಿ. ಇನ್ನೊಂದು ಮುದ್ದೆ ಹಾಕಿದಳು.

ಮೂರೂವರೆ ಆಯಿತು. ನಾನು ಗಡಿಯಾರ ನೋಡಿಕೊಂಡೆ, ಕೆಮ್ಮಿದೆ. ಚಿಕ್ಕತಾಯಮ್ಮ ಅಕ್ಕನ ಚಪ್ಪಲಿಗಳನ್ನು ತಾನೇ ಬಾಗಿಲ ಬಳಿ ಜೋಡಿಸಿಟ್ಟಳು. 'ವೊತ್ತಾಯ್ತು. ಓಗ್ಬಾ' ಅಂದಳು. ಮುಖ ಆ ಕಡೆ ಇತ್ತು.

ದೊಡ್ಡತಾಯಮ್ಮ ಚಪ್ಪಲಿ ನೋಡಿದರು. ತಂಗಿಯ ಬೆನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, 'ನೀವು ಓಗಿ. ಸಾಹೇಬರಿಗೆ ಹೇಳ್ಬಿಡಿ. ನಾನ್ ಇಲ್ಲೇ ಇರ್ತೀನಿ' ಎಂದು ಚಾಪೆಯ ಮೇಲೆ ಕೂತುಬಿಟ್ಟರು. ಕೂತು, ಬಿಡಿಸದೆ ಉಳಿದಿದ್ದ ಅವರೆಕಾಯಿಯ ಮೊರ ಹತ್ತಿರಕ್ಕೆ ಎಳೆದುಕೊಂಡರು.

'ನಾನು ಹೇಳೋದಾ?' ಅಂದೆ. ಅಕ್ಕತಂಗಿಯರಿಬ್ಬರಲ್ಲಿ ಯಾರಿಗೂ ನನ್ನ ಮಾತು ಕೇಳಿಸಲಿಲ್ಲ.

ಏರೋಡ್ರೋಮಿಗೆ ಹೋಗುವ ದಾರಿ ಅಷ್ಟು ಚಿಕ್ಕದೆಂದು ನನಗೆ ಗೊತ್ತಿರಲಿಲ್ಲ. ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಜೋಡಿಸುತ್ತಾ ಹೋದೆ, ಜೋಡಿಸಿದ್ದೆಲ್ಲ ಕಳಚಿಕೊಳ್ಳುತ್ತಿತ್ತು. ನಮ್ಮವರು ಸಾಹೇಬರ ಪಕ್ಕದಲ್ಲಿ ನಿಂತಿದ್ದರು. ಕಾರಿನಿಂದ ನಾನೊಬ್ಬಳೇ ಇಳಿದದ್ದು ನೋಡಿ ಅವರ ಮುಖದಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆ ಸತ್ತುಬಿದ್ದದ್ದು ಸ್ಪಷ್ಟವಾಗಿ ಕಾಣಿಸಿತು.

'ಮೇಡಂ ಎಲ್ಲಿ?' ಅಂದರು.

'ಕೊಡಿಗೇಹಳ್ಳೀಲಿ' ಅಂದೆ.

ನಮ್ಮವರು ಬಾಯಿ ತೆರೆದರು. ಸಾಹೇಬರು ಕೈ ಎತ್ತಿ ಅವರನ್ನು ತಡೆದರು. ಎರಡು ಹೆಜ್ಜೆ ನನ್ನ ಹತ್ತಿರಕ್ಕೆ ಬಂದರು. ಬಂದು, ಕನ್ನಡದಲ್ಲಿ ಕೇಳಿದರು:

'ಏನು ಸಾರು?'

'ಅವರೆಕಾಳು' ಅಂದೆ.

'ಅವರೆಕಾಳು' ಎಂದು ಮೆಲ್ಲಗೆ ಹೇಳಿಕೊಂಡರು. ಆಮೇಲೆ ಬೆನ್ನು ತಿರುಗಿಸಿ ಕಿಟಕಿಯ ಕಡೆ ನಿಂತು ಬಹಳ ಹೊತ್ತು ಮೂಗು ಒರೆಸಿಕೊಂಡರು.

ಪ್ಲೇನಿನ ಕರೆ ಬರುವವರೆಗೆ ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಇದು. ಇದು ನಾಲ್ಕನೆಯ ಸಲವಂತೆ. ಅಪ್ಪ ತೀರಿಕೊಂಡ ಸುದ್ದಿ ಬಂದ ಮೇಲೆ, ಮದ್ರಾಸಿಗೆ ಹೋಗುವ ಕೆಲಸ ಬಂದಾಗಲೆಲ್ಲ ಬೆಂಗಳೂರಿನಲ್ಲಿ ಇಡೀ ದಿನ ಸಿಗುವ ಹಾಗೆ ಟಿಕೆಟ್ ತೆಗೆಸುತ್ತಿದ್ದರು. ಮೂರು ಸಲವೂ ಆಕೆ ಏರೋಡ್ರೋಮಿನ ಕುರ್ಚಿಯಲ್ಲಿ ಏಳೇಳು ಗಂಟೆ ಕೂತು, ಹೊರಗೆ ಕಾಲಿಡದೆ, ಮುಂದಿನ ಪ್ಲೇನ್ ಹತ್ತಿದ್ದರು. ಜತೆಗೆ ಯಾರಾದರೂ ಅಪರಿಚಿತರಿದ್ದರೆ ನಾಚಿಕೆಗಾದರೂ ಹೊರಡುತ್ತಾಳೆಂದು ಈ ಸಲ ಕಾರು, ಪ್ರೋಗ್ರಾಂ, ನಾನು. 'ನಾನೇ ಕರೆದುಕೊಂಡು ಹೋಗಬಹುದಿತ್ತು. ಆದರೆ ಆ ಬಾಗಿಲು ಮುಚ್ಚಿದ್ದು ನನ್ನ ಮುಖ ನೋಡಿ' ಅಂದರು.

ಒಬ್ಬರೇ ಪ್ಲೇನ್ ಹತ್ತಿದರು. ಮೆಟ್ಟಿಲ ಮೇಲಿಂದ ತಿರುಗಿ ನಮಸ್ಕಾರ ಮಾಡಿದರು, ನಮ್ಮವರಿಗಲ್ಲ, ನನಗೆ. (ಪ್ರೊಮೋಷನ್ ವಿಷಯ ಕೇಳಬೇಡಿ. ಇನ್ನೂ ಗೊತ್ತಾಗಿಲ್ಲ. ಸಿಕ್ಕದಿದ್ದರೆ ಅದಕ್ಕೆ ನಾನು ಕಾರಣ, ಸಿಕ್ಕರೆ ಅವರ ದುಡಿಮೆ ಕಾರಣ.)

ಮೊನ್ನೆ ಬಸ್ಸಿನಲ್ಲಿ ಕೊಡಿಗೇಹಳ್ಳಿಗೆ ಹೋಗಿ ಬಂದೆ. ದೊಡ್ಡತಾಯಮ್ಮ ಇನ್ನೂ ಅಲ್ಲೇ ಇದ್ದಾರೆ. ತಂಗಿಯ ಮಾಸಿದ ಹತ್ತಿಸೀರೆ ಉಟ್ಟು ತಂಗಿಯ ಮಗಳಿಗೆ ಒತ್ತಕ್ಷರ ಹೇಳಿಕೊಡುತ್ತಿದ್ದರು. ಮಗಳ ಪಕ್ಕದಲ್ಲೇ, ಏನೋ ಬೇರೆ ಕೆಲಸವಿದ್ದವಳಂತೆ, ಅಮ್ಮನೂ ಕೂತು ಸ್ಲೇಟಿನ ಕಡೆ ನೋಡುತ್ತಿದ್ದಳು. ಇದನ್ನು ಪತ್ರಿಕೆಗೆ ಬರೆಯಲೇ ಎಂದು ಕೇಳಿದೆ. ಅಕ್ಕ, ಹೆಸರು ಬದಲಾಯಿಸಿ ಬರೆಯಿರಿ ಅಂದರು. ಚಿಕ್ಕತಾಯಮ್ಮ ಮಾತ್ರ, 'ನಾನ್ ಬೈದಿದ್ದೂ ಬರೀರಿ. ಬರೀ ಮುದ್ದೆ ಇಕ್ಕಿದ್ದೇ ಬರೀಬ್ಯಾಡಿ' ಅಂದಳು. ಬರೆದಿದ್ದೇನೆ.

ಬರುವಾಗ ಬಸ್ಸಿನಲ್ಲಿ ನನ್ನ ಅತ್ತಿಗೆ ನೆನಪಾದರು. ನನ್ನಣ್ಣನ ಹೆಂಡತಿ. ನೆಲಮಂಗಲದಲ್ಲಿದ್ದಾರೆ. ಅಣ್ಣನ ಮಗಳ ನಾಮಕರಣದಲ್ಲಿ ನನ್ನನ್ನು ಆರತಿಗೆ ಕೊನೆಗೆ ಕರೆದರೆಂದು ಮಾತು ಬಿಟ್ಟಿದ್ದೆ. ಆ ಮಗು ಈಗ ಓಡಾಡುತ್ತಿದೆಯಂತೆ. ನಾಳೆ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ. ಎರಡು ದಿನ ಇದ್ದೇ ಬರುವುದು ಎಂದು ಮನೆಯಲ್ಲಿ ಹೇಳಿಯಾಗಿದೆ.

ಯಶವಂತಪುರದಿಂದ ನೆಲಮಂಗಲಕ್ಕೆ ಬಸ್ಸಿಗೆ ಒಂದು ಗಂಟೆ ಸಾಕು, ನನಗೆ ಮೂರು ವರ್ಷ ಹಿಡಿಯಿತು. ನಿಮಗೆ?